ವೆರ್ನುಸಾಕಿನ ಶುಕ್ರವಾರದ ಪೂಜೆ

ಅಲ್ ಕುಸೈಸ್, ದುಬೈ
ಶನಿವಾರ, ೧೩ ಸೆಪ್ಟೆಂಬರ್ ೨೦೨೫

ಪ್ರೀತಿಯ ಲವಿನಾ ಬಾಯೆ,

ಹೇಗಿದ್ದೀ? ಮೈ ಹುಷಾರುಂಟಾ? ನಿಮ್ಮ ವೆರ್ನುಸಾಕ್ ಊರಿನಲ್ಲಿ ಈಗ ಬೆಳಗಾದರೆ ನದಿಯಿಂದ ಮಂಜು ಎದ್ದು ಕಲ್ಲಿನ ಸೇತುವೆಯ ಅರ್ಧವನ್ನು ನುಂಗಿಬಿಡುತ್ತದೆ ಎಂದು ಹೋದ ಭಾನುವಾರ ಬರೆದಿದ್ದೆಯಲ್ಲ, ಅವತ್ತಿನಿಂದ ನನಗೆ ನಿನ್ನ ಮೂಗಿನದೇ ಚಿಂತೆ. ಚಿಕ್ಕಂದಿನಲ್ಲಿ ಫ್ಯಾನಿನ ಗಾಳಿಗೂ ಸೀನುತ್ತಿದ್ದ ಹುಡುಗಿ ನೀನು. ಕಿವಿಗೆ ಮಫ್ಲರ್ ಕಟ್ಟಿಕೋ, ಬಿಸಿನೀರೇ ಕುಡಿ. ಹಾಗೆಯೇ ಕುತ್ತಿಗೆಯ ಹಿಂದೆ ಬೆವರುಸಾಲೆ ಎದ್ದಿದ್ದರೆ ತಣ್ಣೀರಲ್ಲಿ ಒರೆಸಿ ಪೌಡರ್ ಹಾಕು, ಕೆರೆಯಬೇಡ. ಫ್ರಾನ್ಸಿನ ಮಂಜಿನಲ್ಲಿ ಬೆವರುಸಾಲೆ ಯಾಕೆ ಏಳುತ್ತದೆ ಮಾಮಾ ಎಂದು ಕೇಳಬೇಡ. ನಿನ್ನ ಮಾಮ ಸುಮ್ಮನೆ ಯಾವ ಮಾತನ್ನೂ ಕಾಗದಕ್ಕೆ ಇಳಿಸುವವನಲ್ಲ. ಈ ಲಕೋಟೆಯ ಮೇಲೆ ಸ್ಟ್ಯಾಂಪ್ ಇಲ್ಲದ್ದನ್ನು ನೀನು ಆಗಲೇ ನೋಡಿರುತ್ತೀ. ಇರಲಿ, ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಕೂತುಕೋ. ನಿಂತು ಓದುವ ಕಾಗದ ಅಲ್ಲ ಇದು.

ಈ ಕಾಲದಲ್ಲಿ ಕಾಗದ ಯಾಕೆ ಎಂದರೆ, ಫೋನಿನಲ್ಲಿ ಬರೆದದ್ದನ್ನು ನಿನ್ನ ಅಮ್ಮ ನೋಡುತ್ತಾಳೆ. ನನ್ನ ಫೋನು ಅವಳ ಕೈಯಲ್ಲಿ, ಅವಳ ಫೋನು ನನ್ನ ಕೈಯಲ್ಲಿ, ಅಣ್ಣ ತಂಗಿ ಇಬ್ಬರೂ ಒಂದೇ ಫ್ಲ್ಯಾಟಿನಲ್ಲಿ ಇದ್ದರೆ ಇದೇ ಗತಿ. ಇನ್ನು ಮನೆಯಲ್ಲಿ ಕೊಂಕಣಿ ಮಾತಾಡುವವನು ಕನ್ನಡದಲ್ಲಿ ಯಾಕೆ ಬರೆಯುತ್ತಾನೆ ಎಂದರೆ, ಪಾಂಬೂರು ಶಾಲೆಯ ಏಳನೇ ಕ್ಲಾಸಿನವರೆಗೆ ಸೆರಾಫಿನ್ ಟೀಚರ್ ನನಗೆ ಬೆತ್ತದ ಸಮೇತ ಕಲಿಸಿದ್ದು ಕನ್ನಡವೇ. ಪತ್ರಲೇಖನದಲ್ಲಿ ಇಡೀ ಶಾಲೆಗೆ ಫಸ್ಟ್ ನಾನು. ಏಳನೆಯದಕ್ಕೆ ನಿಲ್ಲಿಸದೆ ಮುಂದೆ ಓದಿದ್ದರೆ ಇವತ್ತು ಪೊಲೀಸ್ ಇಲಾಖೆಯಲ್ಲಿ ದೊಡ್ಡ ಸಾಹೇಬ ಆಗಿರುತ್ತಿದ್ದೆ. ನಾನು ಸಿಗದೇ ಹೋದದ್ದು ಇಲಾಖೆಯ ದುರದೃಷ್ಟ. ಈ ಅಕ್ಕಿಯ ಗೋದಾಮಿನಲ್ಲಿ ಕೂಡ ಮೂಟೆಯ ಹೊರಗಿನಿಂದಲೇ ಮೂಸಿ ಇದು ಹೊಸ ಅಕ್ಕಿ, ಇದು ಹಳೆಯದಕ್ಕೆ ಹೊಸ ಚೀಲ ಹಾಕಿದ್ದು ಎಂದು ಹೇಳುವವನು ನಾನೊಬ್ಬನೇ. ಮ್ಯಾನೇಜರನೇ ಬಂದು ಕೇಳಿ ಹೋಗುತ್ತಾನೆ. ಈ ಮೂಗನ್ನು ನೆನಪಿಟ್ಟುಕೋ.

ನಿನ್ನ ಅಮ್ಮ ಚೆನ್ನಾಗಿದ್ದಾಳೆ. ಬೆಳಿಗ್ಗೆಯಿಂದ ಅಡಿಗೆಮನೆ ಬಾಗಿಲು ಹಾಕಿಕೊಂಡು ಏನನ್ನೋ ಬೇಯಿಸುತ್ತಿದ್ದಾಳೆ. ರುಚಿ ನೋಡುತ್ತೇನೆ ಎಂದರೆ ಸೌಟು ಎತ್ತಿ ತೋರಿಸಿದಳು. ಕ್ಲಿನಿಕ್ಕಿನಲ್ಲಿ ಅವಳಿಗೆ ಬೀಳ್ಕೊಡುಗೆ ಆಯಿತು, ಕೇಕು ಕತ್ತರಿಸಿದರು, ಹೂದಾನಿ ಕೊಟ್ಟರು. ಈ ತಿಂಗಳ ಕೊನೆಗೆ ವೀಸಾ ಖಲಾಸ್, ಊರಿಗೆ ಹೊರಟಳು. ಮತ್ತೆ ಈ ಕಡೆ ಬರುವ ಮಾತಿಲ್ಲ. ಅದಕ್ಕೇ ಒಂದು ಹಠ ಹಿಡಿದಿದ್ದಾಳೆ, ಊರಿಗೆ ಹೋಗುವ ಮೊದಲು ಮಗಳು ಇರುವ ವೆರ್ನುಸಾಕನ್ನು ಕಣ್ಣಾರೆ ನೋಡಬೇಕು ಎಂದು. ಫ್ರಾನ್ಸಿನ ವೀಸಾಕ್ಕೆ ಸೋಮವಾರ ಅಪಾಯಿಂಟ್‌ಮೆಂಟ್ ತೆಗೆದುಕೊಂಡಿದ್ದಾಳಂತೆ. ಕಾಗದ ತೋರಿಸು ಎಂದರೆ ಇವತ್ತಿನವರೆಗೂ ತೋರಿಸಿಲ್ಲ, ಅದು ಬೇರೆ ವಿಷಯ. "ನೀನು ಕರೆದುಕೊಂಡು ಹೋದರೆ ಆಯಿತು, ಕಾಗದ ನಿನಗೆ ಯಾಕೆ" ಎನ್ನುತ್ತಾಳೆ.

ಈ ಏಳು ತಿಂಗಳಲ್ಲಿ ಆ ಊರು ನಮ್ಮ ಫ್ಲ್ಯಾಟಿನೊಳಗೆ ಎಷ್ಟು ಬೆಳೆದಿದೆ ಎಂದು ನಿನಗೆ ಗೊತ್ತಿಲ್ಲ. ಪ್ರತಿ ಭಾನುವಾರ ಸಂಜೆ ಜಪಸರ ಮುಗಿದ ಕೂಡಲೇ ನಿನ್ನ ಅಮ್ಮ ಕನ್ನಡಕ ಹಾಕಿಕೊಂಡು ನಿನ್ನ ಮೆಸೇಜನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಕೇಳಬೇಕು. ಸುವಾರ್ತೆ ಓದುವಾಗ ಕೂಡ ಅವಳ ದನಿ ಅಷ್ಟು ನೆಟ್ಟಗೆ ಇರುವುದಿಲ್ಲ. ಸೇತುವೆಗೆ ಮೊದಲು ಮರದ ಹಲಗೆ ಇತ್ತು, ಆಮೇಲೆ ಕಲ್ಲು ಬಂತು. ಆ ಸೇತುವೆಯ ಬಾಯಲ್ಲಿ ರಾಜನ ಕಾವಲುಗಾರರು ನಿಂತು ಉಪ್ಪಿಗೆ ಸುಂಕ ಕೇಳುತ್ತಿದ್ದರು. ಹೆಂಗಸರು ರೊಟ್ಟಿಯ ಹೊಟ್ಟೆ ಕೊರೆದು ಅದರೊಳಗೆ ಉಪ್ಪು ತುಂಬಿ ಸಾಗಿಸುತ್ತಿದ್ದರು. ಇಂಗ್ಲಿಷರು ಫ್ರೆಂಚರು ನೂರು ವರ್ಷ ಹೊಡೆದಾಡುವಾಗ ಊರು ಒಮ್ಮೆ ಇವರ ಕೈಗೆ ಒಮ್ಮೆ ಅವರ ಕೈಗೆ, ಅದಕ್ಕೆ ಊರ ದರ್ಜಿ ಎರಡೂ ಕಡೆಯ ಬಾವುಟ ಹೊಲಿದು ಒಂದೇ ಪೆಟ್ಟಿಗೆಯಲ್ಲಿ ಇಟ್ಟಿದ್ದನಂತೆ. ಆ ದರ್ಜಿ ನನಗೆ ಹಿಡಿಸಿದ. ಕ್ರಾಂತಿಯಾದಾಗ ಇಗರ್ಜಿಯ ಗಂಟೆಯನ್ನು ಕರಗಿಸಿ ಫಿರಂಗಿ ಮಾಡುತ್ತಾರೆಂದು ಊರವರೇ ಅದನ್ನು ನದಿಗೆ ಇಳಿಸಿದರು, ಮುಂದೆ ಎತ್ತುವಾಗ ಬಿರುಕು ಬಿಟ್ಟಿತು, ಇವತ್ತಿಗೂ ಅದು ತಪ್ಪಲೆಗೆ ಸೌಟು ಬಡಿದ ಹಾಗೆ ಕೇಳುತ್ತದೆ ಎಂದು ಬರೆದಿದ್ದೆ. ಮಾರ್ಕೆಟಿನ ಮಾಡಿನ ಕೆಳಗೆ ಧಾನ್ಯ ಅಳೆಯಲು ಕಲ್ಲಿನಲ್ಲೇ ಕೊರೆದ ಗುಳಿಗಳಿವೆ ಎಂದಾಗ ಮಾತ್ರ ನಾನು ಬಾಯಿ ಹಾಕಿದೆ, ಕಲ್ಲು ಸವೆದು ಅಳತೆ ದೊಡ್ಡದಾಗುತ್ತದೆ, ನಮ್ಮ ಕಬ್ಬಿಣದ ಪಟ್ಟಿ ಹೊಡೆದ ಸೇರಿನ ಮುಂದೆ ಅದೆಂತ ಅಳತೆ ಎಂದು. ನಿನ್ನ ಅಮ್ಮ "ನೀನು ಸುಮ್ಮನಿರು" ಎಂದಳು. ಅವಳು ಈಗ ಆ ಊರಿನಲ್ಲಿ ಕಣ್ಣು ಮುಚ್ಚಿ ನಡೆಯಬಲ್ಲಳು. ಎದುರು ಫ್ಲ್ಯಾಟಿನ ಚಂದ್ರಮತಿಯ ಬಳಿ ಗೋಪುರ ದಾಟಿ ಎಡಕ್ಕೆ ತಿರುಗಿದರೆ ಅಕ್ರೋಟಿನ ಎಣ್ಣೆ ಗಾಣ ಎಂದು ದಾರಿ ಹೇಳುತ್ತಿದ್ದಳು. ನಾನು ಕಿವಿಯಾರೆ ಕೇಳಿದ್ದೇನೆ.

ಬಾಯೆ, ನನಗೆ ಅನುಮಾನ ಹುಟ್ಟಿದ್ದೇ ಅಲ್ಲಿ. ಇಷ್ಟು ಚಂದದ ಊರು ಸುಳ್ಳು. ಊರು ಸುಳ್ಳಲ್ಲ, ನೀನು ಅಲ್ಲಿರುವುದು ಸುಳ್ಳು. ಮನುಷ್ಯ ತಾನು ವಾಸವಿರುವ ಊರಿನ ಬಗ್ಗೆ ಹಾಗೆ ಮಾತಾಡುವುದಿಲ್ಲ. ನಾನು ದುಬೈಯಲ್ಲಿ ಇಷ್ಟು ವರ್ಷ ಇದ್ದೇನೆ, ಆ ದೊಡ್ಡ ಕಟ್ಟಡದ ಎತ್ತರ ಎಷ್ಟು ಎಂದು ಕೇಳು, ಗೊತ್ತಿಲ್ಲ. ನಮ್ಮ ಬಿಲ್ಡಿಂಗಿನ ಯಾವ ಲಿಫ್ಟು ಯಾವ ಮಹಡಿಯಲ್ಲಿ ಕೊಸರಾಡುತ್ತದೆ, ಕೆಳಗಿನ ಕೆಫೆಟೇರಿಯಾದವನು ಚಹಾಕ್ಕೆ ಯಾವಾಗ ನೀರು ಹೆಚ್ಚು ಹಾಕುತ್ತಾನೆ ಎಂದು ಕೇಳು, ಹೇಳುತ್ತೇನೆ. ನೀನು ನೂರಾರು ವರ್ಷದ ಹಿಂದಿನ ಉಪ್ಪಿನ ಕಳ್ಳಿಯರ ಹೆಸರು ಹೇಳುತ್ತೀ, ಕೆಳಗಿನ ಮನೆಯಲ್ಲಿ ಯಾರಿದ್ದಾರೆ ಎಂದು ಒಂದು ದಿನವೂ ಬರೆಯಲಿಲ್ಲ. ಮೆಟ್ಟಿಲಿಗೆ ಯಾವ ವಾಸನೆ? ಯಾವ ನಾಯಿ ಬೊಗಳುತ್ತದೆ? ಯಾರ ಮೇಲೆ ಸಿಟ್ಟು ಬಂತು? ಏಳು ತಿಂಗಳು ಒಬ್ಬರ ಮೇಲೂ ಸಿಟ್ಟು ಬಾರದೆ ಬದುಕುವ ಹುಡುಗಿಯಾ ನೀನು? ಫೋಟೋ ಕಳಿಸುತ್ತೀ. ಸೇತುವೆ ಉಂಟು, ಗೋಪುರ ಉಂಟು, ಪಾರಿವಾಳ ಸಾಕುವ ದುಂಡು ಮನೆ ಉಂಟು, ನೀನೊಬ್ಬಳು ಇಲ್ಲ. ಕರೆ ಮಾಡೋಣ ಎಂದರೆ ಈ ದೇಶದಲ್ಲಿ ವಾಟ್ಸಾಪಿನಲ್ಲಿ ಮಾತಾಡಲು ಬಿಡುವುದಿಲ್ಲ, ಬೇರೆ ಆ್ಯಪ್ ಹಾಕಿಕೋ ಎಂದರೆ ನಿಮ್ಮ ಕಲ್ಲಿನ ಗೋಡೆ ದಪ್ಪವಂತೆ, ನೆಟ್‌ವರ್ಕ್ ಮಾಫಿ, ಸಿಗುವುದೇ ಇಲ್ಲವಂತೆ. ಮೆಸೇಜಿಗೆ ಮಾತ್ರ ಆ ಗೋಡೆ ತೆಳ್ಳಗೆ!

ಇಂಥ ಪತ್ರಗಳು ನನಗೆ ಹೊಸತಲ್ಲ. ಅಬುಧಾಬಿ ಪಕ್ಕದ ಮುಸಫ್ಫಾದ ಲೇಬರ್ ಕ್ಯಾಂಪಿನಲ್ಲಿ ನನ್ನ ಮೇಲಿನ ಮಂಚದಲ್ಲಿ ಮಲಗುತ್ತಿದ್ದ ಅಲಿಕುಂಞಿಯನ್ನು ನಿನಗೆ ಕಥೆಯಲ್ಲಿ ಹೇಳಿದ್ದೇನೆ, ಕುಂಬಳೆಯವನು. ವೆಲ್ಡಿಂಗ್ ಹೆಲ್ಪರ್ ಆಗಿದ್ದ, ಕಂಪನಿ ಬಸ್ಸು ಬಿಟ್ಟು ಬೇರೆ ಗಾಡಿ ಹತ್ತಿದವನಲ್ಲ. ಆದರೆ ಬೀವಿಗೆ ಬರೆಯುವಾಗ ಗೋಡೆಯ ಕ್ಯಾಲೆಂಡರ್ ನೋಡಿ ಬರೆಯುತ್ತಿದ್ದ, ಕಾರ್ನಿಶಿನ ಕಡಲ ದಂಡೆಯಲ್ಲಿ ಗಾಳಿ ಹೀಗೆ ಬೀಸುತ್ತದೆ, ಕಾರಂಜಿ ಹಾಗೆ ಹಾರುತ್ತದೆ ಎಂದು. ತಿಂಗಳು ಬದಲಾಗಿ ಚಿತ್ರ ಬದಲಾದರೆ ಪತ್ರವೂ ಬದಲು. ನಾವು ಅದನ್ನು ಕ್ಯಾಲೆಂಡರ್ ಪತ್ರ ಎನ್ನುತ್ತಿದ್ದೆವು. ನಿನ್ನ ಭಾನುವಾರದ ಮೆಸೇಜು ಮೂಸಿದರೆ ಅದೇ ವಾಸನೆ. ಮೊದಮೊದಲು ನನ್ನ ತಲೆ ಕೆಟ್ಟ ಕಡೆಗೆಲ್ಲ ಓಡಿತು. ಯಾರನ್ನಾದರೂ ಗುಟ್ಟಾಗಿ ಮದುವೆಯಾದಳೋ, ನೀನು ನೋಡಿಕೊಳ್ಳಲು ಜೊತೆಗೆ ಹೋದ ಮುದುಕಿ ಮದಾಮಿನ ಮಗ ಪಾಸ್‌ಪೋರ್ಟ್ ಕಸಿದು ಕೋಣೆಯೊಳಗೆ ಕೂಡಿ ಹಾಕಿ ಬರೆಸುತ್ತಿದ್ದಾನೋ. ಒಂದು ವಾರ ಊಟ ಮೈಗೆ ಹತ್ತಲಿಲ್ಲ, ನೀನು ನಂಬು ಬಿಡು. ನಿನ್ನ ಅಮ್ಮ ಮಾತ್ರ ಎರಡೆರಡು ಸಲ ಬಡಿಸಿಕೊಂಡು ತಿನ್ನುತ್ತಿದ್ದಳು.

ಹಗ್ಗ ಕೈಗೆ ಸಿಕ್ಕಿದ್ದು ಆಗಸ್ಟಿನ ಕೊನೆಯಲ್ಲಿ. ನಿನ್ನ ಅಮ್ಮ ಓದಿದಳು, "ಈ ಭಾನುವಾರ ಹಳೆಯ ಇಗರ್ಜಿಗೆ ಪೂಜೆಗೆ ಹೋಗಿದ್ದೆ, ಕಾಲಿಡಲು ಜಾಗ ಇರಲಿಲ್ಲ, ಹೊರಗೆ ಬಿಸಿಲಲ್ಲಿ ನಿಂತೆ" ಎಂದು. ಅವಳು ಸ್ನಾನಕ್ಕೆ ಹೋದ ಮೇಲೆ ಗೋಪುರದ ಫೋಟೋ ಇನ್ನೊಮ್ಮೆ ನೋಡೋಣ ಎಂದು ಫೋನು ತೆಗೆದೆ. ನೋಡಿದರೆ ನೀನು ಬರೆದದ್ದು "ಈ ಶುಕ್ರವಾರ"! ಪಾಪ, ಅವಳ ಕಣ್ಣು ಮಂಜಾಗಿದೆ, ಕನ್ನಡಕದ ನಂಬರ್ ಬದಲಿಸಬೇಕು ಎಂದುಕೊಂಡೆ. ಆದರೆ ನನ್ನ ಕಣ್ಣು ಮಂಜಾಗಿಲ್ಲ. ಶುಕ್ರವಾರ ಇಗರ್ಜಿ ತುಂಬಿ ಜನ ಹೊರಗೆ ನಿಲ್ಲುವುದು ಎಲ್ಲಿ? ನಮ್ಮ ಗಲ್ಫಿನಲ್ಲಿ. ಶುಕ್ರವಾರ ರಜೆಯಿದ್ದ ಕಾಲದಲ್ಲಿ ನಾವು ಭಾನುವಾರದ ಪೂಜೆಯನ್ನೇ ಶುಕ್ರವಾರ ಮುಗಿಸುತ್ತಿದ್ದೆವು, ನೀನು ಜಪಗಳನ್ನು ಕಲಿತದ್ದೂ ಶುಕ್ರವಾರವೇ, ಮೊದಲ ಪರಮಪ್ರಸಾದ ತೆಗೆದುಕೊಂಡದ್ದೂ ಶುಕ್ರವಾರವೇ. ರಜೆ ಶನಿವಾರ ಭಾನುವಾರಕ್ಕೆ ಹೋದ ಮೇಲೂ ನಮ್ಮ ಬಾಯಿ ಬದಲಾಗಲಿಲ್ಲ, ಪೂಜೆ ಎಂದರೆ ಶುಕ್ರವಾರ ಎಂದೇ ಬರುತ್ತದೆ. ಫ್ರಾನ್ಸಿನ ಹಳ್ಳಿಯಲ್ಲಿ ಭಾನುವಾರ ಕೂಡ ನಾಲ್ಕು ಮುದುಕಿಯರು ಮತ್ತು ಒಂದು ಬೆಕ್ಕು ಬರುವುದು ಎಂದು ನೀನೇ ಮಾರ್ಚಿನಲ್ಲಿ ಬರೆದದ್ದು ಮರೆತೆಯಾ? ಬೆಕ್ಕು ಸಮೇತ ಊರೆಲ್ಲ ಆಗಸ್ಟಿನ ಒಂದು ಶುಕ್ರವಾರ ಭಕ್ತಿಗೆ ಬಿತ್ತಾ?

ಆಮೇಲೆ ನಾನು ಬಲೆ ಬೀಸಿದೆ. ಮೊಂತಿ ಹಬ್ಬಕ್ಕೆ ಊರಿನಿಂದ ಆಶೀರ್ವಾದದ ಹೊಸ ಭತ್ತದ ತೆನೆ ಬಂತು. ನಮ್ಮಲ್ಲಿ ಹಬ್ಬದ ದಿನ ಆ ಹೊಸ ಅಕ್ಕಿಯನ್ನು ಪಾಯಸಕ್ಕೆ ಹಾಕಿ ಮನೆಯವರೆಲ್ಲ ಒಟ್ಟಿಗೆ ತಿನ್ನಬೇಕು, ದೂರ ಇರುವವರ ಪಾಲನ್ನು ಲಕೋಟೆಯಲ್ಲಾದರೂ ಕಳಿಸಬೇಕು, ಒಬ್ಬರನ್ನು ಬಿಟ್ಟರೂ ಹಬ್ಬ ಪೂರ್ತಿಯಾಗುವುದಿಲ್ಲ. ಅದಕ್ಕೇ ವಿಳಾಸ ಕೇಳಿದೆ. ನೀನು ಏನು ಕಳಿಸಿದೆ? ಪಿ.ಓ. ಬಾಕ್ಸ್ ನಂಬರ್, ವೆರ್ನುಸಾಕ್, ಫ್ರಾನ್ಸ್. ನಮ್ಮ ಗೋದಾಮಿನ ಮೊರೊಕ್ಕೊದ ಮಸೂದನಿಗೆ ಫ್ರೆಂಚ್ ನೀರು ಕುಡಿದ ಹಾಗೆ, ಅವನ ಅಣ್ಣ ಫ್ರಾನ್ಸಿನ ಹಳ್ಳಿಯಲ್ಲೇ ಇರುವುದು. ಅವನಿಗೆ ತೋರಿಸಿದೆ. "ಅಂಕಲ್, ಅಲ್ಲಿ ಪೋಸ್ಟ್‌ಮ್ಯಾನ್ ಸೀದಾ ಮನೆ ಬಾಗಿಲಿಗೇ ಬರ್ತಾನೆ, ಬಾಕ್ಸ್ ನಂಬರ್ ಕೊಡೋದು ನಮ್ಮ ಈ ಊರಿನ ಜನ" ಎಂದು ನಕ್ಕ. ನಾನೂ ನಕ್ಕೆ. ತೆನೆಯನ್ನು ಅಂಚೆಗೆ ಹಾಕುವ ಪ್ರಶ್ನೆಯೇ ಬರಲಿಲ್ಲ, ನಿನ್ನ ಅಮ್ಮ ನಿನ್ನ ಪಾಲನ್ನು ಕರವಸ್ತ್ರದಲ್ಲಿ ಗಂಟು ಕಟ್ಟಿ ಇಟ್ಟುಕೊಂಡಳು. "ಪೋಸ್ಟು ಬೇಡ, ನಾನು ಕೈಯಲ್ಲೇ ಕೊಡುತ್ತೇನೆ" ಎಂದಳು. ಆ ವೀಸಾದ ಮೇಲೆ ಅಷ್ಟು ನಂಬಿಕೆ ಅವಳಿಗೆ.

ಮಸೂದನನ್ನು ಕೂರಿಸಿ ವೆರ್ನುಸಾಕಿನ ಟೂರಿಸ್ಟ್ ಆಫೀಸಿನ ಪೇಜು ಓದಿಸಿದೆ. ಸೇತುವೆ ಸರಿ, ಉಪ್ಪು ಸರಿ, ದರ್ಜಿಯ ಬಾವುಟ ಸರಿ, ಗಂಟೆ ಸರಿ. ಆದರೆ ಮಾರ್ಕೆಟಿನ ಮಾಡು ಹೋದ ವರ್ಷದಿಂದ ರಿಪೇರಿಗೆ ಮುಚ್ಚಿದೆಯಂತೆ, ಸುತ್ತ ತಗಡು ಹೊಡೆದಿದ್ದಾರಂತೆ. ನೀನು ಮೇ ತಿಂಗಳಲ್ಲಿ ಅದರ ಕೆಳಗೆ ನಿಂತು ಆಡಿನ ಹಾಲಿನ ಚೀಸ್ ಕೊಂಡೆ! ಅಲ್ಲಿಗೆ ಪತ್ತೆದಾರಿಕೆ ಮುಗಿಯಿತು ಎಂದುಕೊಂಡೆ, ಈ ಹುಡುಗಿ ಪೇಜು ನೋಡಿ ಬರೆಯುತ್ತಿದ್ದಾಳೆ ಎಂದು. ಆದರೆ ಒಂದು ವಿಷಯ ಪೇಜಿನಲ್ಲಿ ಇರಲೇ ಇಲ್ಲ. ಬಟ್ಟೆ ಒಗೆಯುವ ಕಟ್ಟೆ. ಹೆಂಗಸರು ಹುಲ್ಲು ತುಂಬಿದ ಮರದ ಪೆಟ್ಟಿಗೆಯೊಳಗೆ ಮೊಣಕಾಲೂರಿ ಸಾಲಾಗಿ ಕೂತು ಬಟ್ಟೆ ಬಡಿಯುತ್ತಿದ್ದರು, ಒಬ್ಬಳ ಉಂಗುರ ಸೋಪಿನ ನೊರೆಯಲ್ಲಿ ಜಾರಿ ನೀರಿಗೆ ಬಿತ್ತು, ಅವಳ ಪುಟ್ಟ ಮಗಳು ದಿನಾ ಶಾಲೆಯಿಂದ ಬರುವಾಗ ಬಗ್ಗಿ ನೀರಿನೊಳಗೆ ಹುಡುಕುತ್ತಿದ್ದಳು, ದೊಡ್ಡವಳಾಗಿ ಊರು ಬಿಡುವ ದಿನವೂ ಹುಡುಕಿದಳು ಎಂದು ನೀನು ಬರೆದಿದ್ದೆ. ಅವತ್ತು ನಿನ್ನ ಅಮ್ಮ ಓದು ನಿಲ್ಲಿಸಿ ನೀರು ಕುಡಿದಳು. ಇದನ್ನು ಯಾವ ಟೂರಿಸ್ಟ್ ಆಫೀಸು ಬರೆಯುತ್ತದೆ? ಇದು ಒಬ್ಬರ ಬಾಯಿಂದ ಇನ್ನೊಬ್ಬರ ಕಿವಿಗೆ ಬಂದ ಮಾತು. ಆಗ ನನ್ನ ತಲೆಗೆ ಹೊಳೆಯಿತು, ಆ ಪುಟ್ಟ ಹುಡುಗಿ ನಿನ್ನ ಮದಾಂ ಓಡಿಲ್.

ಅಬುಧಾಬಿಯ ಆ ಎತ್ತರದ ಫ್ಲ್ಯಾಟಿನಲ್ಲಿ ನೀನು ಎರಡು ವರ್ಷ ನೋಡಿಕೊಂಡ ಮುದುಕಿ. ಸಾಯುವ ಮೊದಲು ಹುಟ್ಟಿದ ಊರಿಗೆ ಹೋಗಬೇಕು, ಈ ಹುಡುಗಿ ಜೊತೆಗೆ ಬಂದರೆ ಮಾತ್ರ ಹೋಗುತ್ತೇನೆ ಎಂದು ಮಗನ ಹತ್ತಿರ ಹಠ ಮಾಡಿದವಳು. ನಾನು ಆ ಬಿಲ್ಡಿಂಗಿನ ವಾಚ್‌ಮನ್ನಿಗೆ ಫೋನು ಮಾಡಿದೆ. ಅವನಿಗೆ ಹಿಂದಿಯಲ್ಲಿ ನಾನೇ ಮದಾಮಿನ ಹಳೆಯ ಸ್ನೇಹಿತ ಎಂದೆ, ಅಷ್ಟು ಸುಳ್ಳು ನಡೆಯುತ್ತದೆ. ಅವನು ಹೇಳಿದ, "ಬಡೀ ಮೇಮ್ ತೋ ಗುಝರ್ ಗಯೀ" ಎಂದು. ಫೆಬ್ರವರಿಯಲ್ಲೇ ತೀರಿಕೊಂಡಳಂತೆ, ಊರಿಗೆ ಹೊರಡಲು ಪೆಟ್ಟಿಗೆಗಳೆಲ್ಲ ಕಟ್ಟಿ ಆಗಿತ್ತಂತೆ. ಫೋನು ಇಟ್ಟೆ. ಕಟ್ಟಿದ ಪೆಟ್ಟಿಗೆಗಳ ನಡುವೆ ನೀನೊಬ್ಬಳೇ ನಿಂತದ್ದು ಕಣ್ಣಿಗೆ ಬಂತು. ಆ ಮುದುಕಿಗೆ ನಿತ್ಯಶಾಂತಿ ಸಿಗಲಿ. ಅವಳು ಹೋಗಲಾಗದ ಊರನ್ನು ನೀನು ಭಾನುವಾರ ಭಾನುವಾರ ನಮಗೆ ಬಡಿಸುತ್ತಿದ್ದೀ, ನಾವು ಬೆರಳು ಚೀಪುತ್ತಿದ್ದೇವೆ.

ಈಗ ಸ್ಟ್ಯಾಂಪಿನ ವಿಷಯಕ್ಕೆ ಬರೋಣ. ಅಲಿಕುಂಞಿ ಈಗ ಹೆಲ್ಪರ್ ಅಲ್ಲ, ಮುಸಫ್ಫಾದಲ್ಲಿ ಗ್ರೋಸರಿ ಇಟ್ಟಿದ್ದಾನೆ, ಅವನಿಗೆ ಕುಚ್ಚಲಕ್ಕಿ ನಮ್ಮ ಗೋದಾಮಿನಿಂದಲೇ. ಮೊನ್ನೆ ಫೋನಿನಲ್ಲಿ ಹೇಳಿದ, "ಎಂತ ಮಾರಾಯ, ನಿಮ್ಮ ಕಡೆಯ ಒಬ್ಬಳು ಹುಡುಗಿ ಉಂಟು, ಅಂಗಡಿಯ ಮೇಲಿನ ಫ್ಲ್ಯಾಟಿನಲ್ಲಿ ಆರೇಳು ನರ್ಸಮ್ಮಗಳ ಜೊತೆ ಒಂದು ಮಂಚದ ಬಾಡಿಗೆ, ಬೆಡ್‌ಸ್ಪೇಸ್. ಇಲ್ಲಿಯ ಕ್ಲಿನಿಕ್ಕಿನ ಯೂನಿಫಾರ್ಮು. ವಾರಕ್ಕೊಮ್ಮೆ ಕುಚ್ಚಲಕ್ಕಿ ಕೊಳ್ಳಲು ಬರ್ತಾಳೆ. ಬಫಾತ್ ಮಸಾಲೆ ಪುಡಿ ಕೊಟ್ಟರೆ ಮೂಸಿ ವಾಪಸು ಇಟ್ಟಳು, ನಮ್ಮ ಮಾಮ ಮಾಡುವ ಪುಡಿಯ ಮುಂದೆ ಇದು ಮರದ ಹೊಟ್ಟು ಅಂತ ಹೇಳಿದಳು. ಇಗ್ನೇಶಿ, ಮರದ ಹೊಟ್ಟು ಅಂತ ಹೇಳುವ ಮನುಷ್ಯ ಈ ಎಮಿರೇಟ್ಸಿನಲ್ಲಿ ಒಬ್ಬನೇ ಇರುವುದಲ್ವಾ?" ಎಂದ. ನೋಡು ಬಾಯೆ, ಪೊಲೀಸರು ಬೆರಳಚ್ಚು ಹಿಡಿಯುತ್ತಾರೆ, ನಾನು ನನ್ನ ಪುಡಿಯಿಂದ ಹಿಡಿದೆ. ಫ್ರಾನ್ಸಿನಲ್ಲಿ ಇರುವವಳು ಒಂದೂವರೆ ಗಂಟೆಯ ದಾರಿಯಲ್ಲಿ ನನ್ನದೇ ಗೋದಾಮಿನ ಅಕ್ಕಿ ತಿನ್ನುತ್ತಿದ್ದಾಳೆ!

ನನಗೆ ಮೊದಲು ಬಂದದ್ದು ಸಿಟ್ಟು. ಆಮೇಲೆ ನಿನ್ನ ಸೆಂಡ್‌ಆಫ್ ಪಾರ್ಟಿ ನೆನಪಾಯಿತು. ಈ ಮನೆಯ ಹಾಲ್‌ನಲ್ಲಿ ಜನ ನಿಲ್ಲಲು ಜಾಗ ಇರಲಿಲ್ಲ, ಸನ್ನಣ ನಾನೇ ಬೇಯಿಸಿದ್ದೆ, ಗ್ಲಾಸು ಎತ್ತಿ ಭಾಷಣ ಮಾಡಿದ್ದೆ, ನಮ್ಮ ಕುಟುಂಬದಲ್ಲಿ ಯುರೋಪಿಗೆ ಕಾಲಿಡುವ ಮೊದಲ ಹೆಣ್ಣು ಎಂದು. ನಮ್ಮ ಇಗರ್ಜಿ ವಾರ್ಡಿನ ವಾಟ್ಸಾಪ್ ಗ್ರೂಪಿನಲ್ಲಿ ನಿನ್ನ ಫೋಟೋದ ಪಕ್ಕ ಐಫೆಲ್ ಗೋಪುರ ಹಾಕಿಸಿದ್ದೂ ನಾನೇ. ಅದು ಆಗಿ ಎರಡೇ ದಿನಕ್ಕೆ ಮುದುಕಿ ಹೋಗಿಬಿಟ್ಟರೆ ಹುಡುಗಿ ಯಾವ ಮುಖ ಇಟ್ಟುಕೊಂಡು ಮೆಟ್ಟಿಲು ಹತ್ತುತ್ತಾಳೆ? ಏರ್‌ಪೋರ್ಟಿಗೆ ಬರುತ್ತೇನೆ ಎಂದಾಗ ಬೇಡ ಮಾಮಾ ಬೇಡ ಎಂದು ನೀನು ಅತ್ತದ್ದು ಯಾಕೆ ಎಂದು ಈಗ ತಿಳಿಯಿತು. ಭಾಷಣ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಸ್ವಲ್ಪ ಉದ್ದವಾಯಿತೋ ಏನೋ.

ಹಾಗಾಗಿ ನನ್ನ ಉಪಾಯ ಕೇಳು. ಇವತ್ತು ಮಧ್ಯಾಹ್ನ ಅಲಿಕುಂಞಿಗೆ ಅಕ್ಕಿ ಇಳಿಸಲು ನಾನೇ ಪಿಕಪ್ ತೆಗೆದುಕೊಂಡು ಬರುತ್ತೇನೆ. ಈ ಕಾಗದವನ್ನು ಅವನೇ ನಿನ್ನ ಅಕ್ಕಿಯ ಜೊತೆಗೆ ಮೇಲೆ ತಂದು ಕೊಡುತ್ತಾನೆ. ನೀನು ಇಳಿದು ಬಂದರೆ ಇಬ್ಬರೂ ದುಬೈಗೆ. ನಿನ್ನ ಅಮ್ಮನಿಗೂ ವಾರ್ಡಿನವರಿಗೂ ನಾನು ಹೇಳುತ್ತೇನೆ, ತಾಯಿ ಊರಿಗೆ ಹೊರಟಿದ್ದಾಳೆಂದು ನಾನೇ ಫ್ರಾನ್ಸಿಗೆ ಗದರಿಸಿ ಫೋನು ಮಾಡಿ ಕರೆಸಿದೆ, ನನ್ನ ಒಂದು ಮಾತಿಗೆ ಹುಡುಗಿ ವಿಮಾನ ಹತ್ತಿದಳು ಎಂದು. ನಂಬುತ್ತಾರೆ, ನನ್ನ ಬಗ್ಗೆ ಜನ ಏನು ಬೇಕಾದರೂ ನಂಬುತ್ತಾರೆ. ಸೂಪರ್‌ಮಾರ್ಕೆಟಿನಿಂದ ಫ್ರೆಂಚ್ ಚೀಸ್ ತಂದು ಲೇಬಲ್ ಕಿತ್ತು ಪಿಕಪ್ಪಿನ ಐಸ್ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಕೈಯಲ್ಲೊಂದು ಸ್ವೆಟರ್ ಹಿಡಿದುಕೊಂಡು ಬಾ, ಸಾಕು. ಸೋಮವಾರ ನಿನ್ನ ಅಮ್ಮ ಆ ವೀಸಾ ಆಫೀಸಿನ ಸಾಲಿನಲ್ಲಿ ನಿಂತು, ಮಗಳ ಊರು ಯಾವುದಮ್ಮ ಎಂದು ಕೇಳಿದವನಿಗೆ ಸೇತುವೆ ಗೋಪುರ ಗಂಟೆ ಎಂದು ವಿವರಿಸುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಲಾರೆ. ಅವಳು ವಿಮಾನ ಹತ್ತಿದ ಮೇಲೆ ನೀನು ಮುಸಫ್ಫಾದ ಕಿಟಕಿಯಿಂದ ಆ ವಿಮಾನ ನೋಡುವುದೂ ನನಗೆ ಬೇಡ. ಬರಲಾಗದಿದ್ದರೆ ಬಿಡು, ನಾನು ಬಾಯಿ ಬಿಡುವುದಿಲ್ಲ. ನಾಳೆಯ ಭಾನುವಾರಕ್ಕೆ ಇನ್ನೊಂದು ಅಧ್ಯಾಯ ಕಳಿಸ್ತೀಯಲ್ಲ, ಅದರಲ್ಲಿ ಮಾರ್ಕೆಟಿಗೆ ಮಾತ್ರ ಕಾಲಿಡಬೇಡ.

ವೆಲಂಕಣಿ ಮಾತೆ ನಿನ್ನ ತಲೆಯ ಮೇಲೆ ಕೈಯಿಟ್ಟು ಕಾಯಲಿ. ಆ ಬೆಡ್‌ಸ್ಪೇಸಿನ ಹುಡುಗಿಯರಿಗೂ ನನ್ನ ನೆನಪು ಹೇಳು, ಬಫಾತ್ ಪುಡಿ ಬೇಕಾದರೆ ಕಳಿಸುತ್ತೇನೆ.

ನಿನ್ನನ್ನು ಹೆಗಲ ಮೇಲೆ ಕೂರಿಸಿ ದುಬೈ ಕ್ರೀಕಿನ ದೋಣಿ ತೋರಿಸಿದ,
ಇಗ್ನೇಶಿಯಸ್ ಮಾಮ

ಅಂಟಿಸಿದ ಲಕೋಟೆ ಹರಿದು ಮತ್ತೆ ಬರೆಯುತ್ತಿದ್ದೇನೆ. ಮುಸಫ್ಫಾದಲ್ಲಿ, ನಿನ್ನ ಬಿಲ್ಡಿಂಗಿನ ಎದುರು, ಪಿಕಪ್ಪಿನ ಸ್ಟೇರಿಂಗಿನ ಮೇಲೆ ಕಾಗದ ಇಟ್ಟು. ಅಕ್ಷರ ಓಡಿದರೆ ಕ್ಷಮಿಸು, ಅಲಿಕುಂಞಿ ಅಕ್ಕಿ ಹೊತ್ತು ನಿಂತಿದ್ದಾನೆ. ಮೇಲೆ ಬರೆದ ಉಪಾಯವೆಲ್ಲ ಕ್ಯಾನ್ಸಲ್. ಹೊರಡುವಾಗ ನಿನ್ನ ಅಮ್ಮ ಚಪ್ಪಲಿ ಹಾಕಿ ಬಾಗಿಲಲ್ಲೇ ನಿಂತಿದ್ದಳು, "ನಾನೂ ಬರುತ್ತೇನೆ, ಅಲಿಕುಂಞಿಗೆ ಹೋಗಿಬರುತ್ತೇನೆ ಎಂದು ಹೇಳಬೇಕು" ಎಂದು. ಬೇಡ ಎಂದರೆ ಕೇಳಲಿಲ್ಲ, ಬಂದು ಸೀಟಿನಲ್ಲಿ ಕೂತೇಬಿಟ್ಟಳು. ಮಡಿಲಲ್ಲಿ ಟಿಫಿನ್ ಪಾತ್ರೆ, ಅದರ ಮೇಲೆ ಆ ಕರವಸ್ತ್ರದ ಗಂಟು. ಟಿಫಿನ್ ಯಾರಿಗೆ ಎಂದರೆ "ಅಲಿಕುಂಞಿಗೆ" ಎಂದಳು. ಇಲ್ಲಿ ತಿರುವಿನಲ್ಲಿ ಗಾಡಿ ಹಾರಿ ಮುಚ್ಚಳ ಸರಿಯಿತು, ಇಡೀ ಪಿಕಪ್ ಪರಿಮಳ. ನನ್ನದೇ ಪುಡಿ ಹಾಕಿದ ಹಂದಿ ಬಫಾತ್. ಅಲಿಕುಂಞಿಗೆ ಹಂದಿ! ಅವನು ಬರುತ್ತಾನೆಂದರೆ ಬೇರೆ ಪಾತ್ರೆ ತೆಗೆದು ತೊಳೆದಿಡುವ ಹೆಂಗಸು ಅವಳು. ಲವಿನಾ, ಅವಳ ಕನ್ನಡಕಕ್ಕೆ ಏನೂ ಆಗಿಲ್ಲ. ಶುಕ್ರವಾರವನ್ನು ಭಾನುವಾರ ಎಂದು ಓದಿದ್ದು ನನಗೆ ಗೊತ್ತಾಗಬಾರದೆಂದು. ಆ ಅಪಾಯಿಂಟ್‌ಮೆಂಟ್ ಕಾಗದವೂ ಇರಲಾರದು. ಅವಳಿಗೆ ಯಾವಾಗಿನಿಂದ ಗೊತ್ತೋ ನನಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಈಗ ಗಾಜು ಇಳಿಸಿ ನಿಮ್ಮ ಬಿಲ್ಡಿಂಗಿನ ಕಿಟಕಿಗಳನ್ನು ಒಂದೊಂದಾಗಿ ನೋಡುತ್ತಿದ್ದಾಳೆ, ಎರಡೂ ಕೈಯಿಂದ ಮುಚ್ಚಳ ಒತ್ತಿ ಹಿಡಿದಿದ್ದಾಳೆ. ಸ್ವೆಟರ್ ಬೇಡ, ಚೀಸ್ ನಾನೇ ತಿನ್ನುತ್ತೇನೆ. ಬಫಾತ್ ಆರುವ ಮೊದಲು ಇಳಿದು ಬಾ.